ಅಂತೆ ಕಂತೆಗಳ ನಡುವೆ ಅಸಲಿ ಮಾತು

(ಓದುಗರ ಕೂಟವೊಂದರಲ್ಲಿ ಮಾತನಾಡಿದ್ದರ ಬರಹ ರೂಪ. ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ, ಉಳಿದದ್ದು ಹೆಚ್ಚುಕಡಿಮೆ ಹಾಗೇ ಇದೆ.)

ಎಲ್ಲರಿಗೂ ನಮಸ್ಕಾರ.

ಒಂದು ಬೋರ್ಡಿನಿಂದ ಶುರು ಮಾಡೋಣ. ಬ್ಯಾಂಕಿನಲ್ಲೋ ಕಚೇರಿಯಲ್ಲೋ ಗೋಡೆ ಮೇಲೆ ನೀವೆಲ್ಲ ನೋಡಿರುತ್ತೀರಿ. "ಗ್ರಾಹಕರು ನಮ್ಮಲ್ಲಿಗೆ ಬರುವ ಅತಿ ಮುಖ್ಯ ಅತಿಥಿ. ಅವರು ನಮ್ಮನ್ನು ಅವಲಂಬಿಸಿಲ್ಲ, ನಾವೇ ಅವರನ್ನು ಅವಲಂಬಿಸಿದ್ದೇವೆ." ಕೆಳಗೆ ಮಹಾತ್ಮ ಗಾಂಧಿ ಅಂತ ಹೆಸರು, ಪಕ್ಕದಲ್ಲಿ ಬೊಚ್ಚುಬಾಯಿ ನಗುವಿನ ಚಿತ್ರ. ಕೆಲವರು ಅಷ್ಟಕ್ಕೇ ನಿಲ್ಲಿಸೋದಿಲ್ಲ. "1890ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಮಾಡಿದ ಭಾಷಣದಿಂದ" ಅಂತ ವಿವರವನ್ನೂ ಸೇರಿಸುತ್ತಾರೆ.

ಆ ವಿವರವೇ ಕಳ್ಳನನ್ನು ಹಿಡಿದುಕೊಡುತ್ತದೆ. 1890ರಲ್ಲಿ ಗಾಂಧಿ ಲಂಡನ್ನಿನಲ್ಲಿ ಕಾನೂನು ಓದುತ್ತಿದ್ದರು. ನಾಲ್ಕು ಜನರ ಮುಂದೆ ಎದ್ದು ನಿಂತರೆ ಮಾತೇ ಹೊರಡುತ್ತಿರಲಿಲ್ಲ ಅಂತ ಆ ದಿನಗಳ ಬಗ್ಗೆ ಅವರೇ ಬರೆದುಕೊಂಡಿದ್ದಾರೆ. ದಕ್ಷಿಣ ಆಫ್ರಿಕಾಕ್ಕೆ ಅವರು ಕಾಲಿಟ್ಟಿದ್ದು 1893ರಲ್ಲಿ. ಹಾಗಾದರೆ ಆ ಮಾತು ಬಂದಿದ್ದು ಎಲ್ಲಿಂದ? 1941ರ ಸುಮಾರಿಗೆ ಅಮೆರಿಕದ ವ್ಯಾಪಾರಿ ಪತ್ರಿಕೆಗಳಲ್ಲಿ ಇದೇ ಧಾಟಿಯ ಸಾಲುಗಳು ಕಾಣಿಸುತ್ತವೆ. ಹೇಳಿದವರು ಕೆನೆತ್ ಎಲಿಯಟ್, ಸ್ಟುಡಿಬೇಕರ್ ಅನ್ನೋ ಕಾರು ಕಂಪನಿಯಲ್ಲಿ ಮಾರಾಟ ವಿಭಾಗದ ಉಪಾಧ್ಯಕ್ಷರು. ಕಾರು ಮಾರುವವರು ತಮ್ಮವರಿಗೆ ಹೇಳಿದ ಬುದ್ಧಿಮಾತು ಅದು. ಹಾಗಂತ ನೋಡಿದರೆ ಎಷ್ಟು ಸಹಜವಾಗಿದೆ, ಅಲ್ವಾ? ಗಾಂಧಿಯವರ ಬಾಯಲ್ಲಿ ಇಟ್ಟಾಗಲೇ ಅದು ವಿಚಿತ್ರ. ಚರಕದ ಮುಂದೆ ಕೂತ ಮನುಷ್ಯ ಗ್ರಾಹಕ ಸೇವೆಯ ಬಗ್ಗೆ ಯಾಕೆ ಮಾತಾಡಿಯಾರು ಅಂತ ನಮಗೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಹೆಸರು ನೋಡಿದ ಕೂಡಲೇ ಕೇಳೋದನ್ನು ಬಿಟ್ಟುಬಿಡುತ್ತೇವೆ. ಇವತ್ತು ನಾನು ಹೇಳಬೇಕಂತಿರೋದು ಮುಖ್ಯವಾಗಿ ಇದನ್ನೇ.

ಚಿಕ್ಕವರ ಮಾತು ದೊಡ್ಡವರ ಹೆಸರಿನ ಕಡೆಗೆ ಜಾರುತ್ತದೆ. ಇಂಗ್ಲೆಂಡಿನ ನೈಜೆಲ್ ರೀಸ್ ಅನ್ನೋರು ಇದಕ್ಕೆ ಚರ್ಚಿಲ್ ಹೆಸರನ್ನೇ ಇಟ್ಟರು, 'ಚರ್ಚಿಲಿಯನ್ ಡ್ರಿಫ್ಟ್' ಅಂತ. ಅಲ್ಲಿ ಚುರುಕಾದ ರಾಜಕೀಯ ಮಾತೆಲ್ಲ ಕೊನೆಗೆ ಚರ್ಚಿಲ್ ಖಾತೆಗೆ ಜಮೆ. ಬುದ್ಧಿವಂತಿಕೆಯ ಮಾತಾದರೆ ಐನ್‌ಸ್ಟೈನ್‌ಗೆ, ನಗೆಮಾತಾದರೆ ಮಾರ್ಕ್ ಟ್ವೈನ್‌ಗೆ, ಶಾಂತಿಯ ಮಾತಾದರೆ ಗಾಂಧಿಗೆ, ಯುಕ್ತಿಯದ್ದಾದರೆ ಚಾಣಕ್ಯನಿಗೆ.

ನಮ್ಮ ಸಾಹಿತ್ಯದಲ್ಲೇ ಇದರ ಹಳೇ ರೂಪ ಇದೆ. ವಚನಕಾರರು, ದಾಸರು ರಚನೆಯ ಕೊನೆಗೆ ಅಂಕಿತ ಇಟ್ಟರು. ಕೂಡಲಸಂಗಮದೇವ ಅಂದರೆ ಬಸವಣ್ಣ, ಚೆನ್ನಮಲ್ಲಿಕಾರ್ಜುನ ಅಂದರೆ ಅಕ್ಕ. ಹೆಸರನ್ನು ಮಾತಿನ ಒಳಗೇ ಕೂರಿಸಿಬಿಟ್ಟರೆ ಕಳೆದುಹೋಗೋದಿಲ್ಲ ಅನ್ನೋ ಏರ್ಪಾಡು. ಆದರೆ ಅದೇ ಏರ್ಪಾಡು ತಿರುಗುಬಾಣವೂ ಆಯಿತು. ಮೂರು ಸಾಲು ಕಟ್ಟಿ ಕೊನೆಗೆ 'ಸರ್ವಜ್ಞ' ಅಂತ ಸೇರಿಸೋದು ಯಾರಿಗೆ ತಾನೆ ಕಷ್ಟ? ತ್ರಿಪದಿಗಳನ್ನು ಸಂಗ್ರಹಿಸಲು ಕೂತ ವಿದ್ವಾಂಸರಿಗೆ ದೊಡ್ಡ ತಲೆನೋವಾಗಿದ್ದು ಇದೇ. ಇದರಲ್ಲಿ ಅವನದ್ದೆಷ್ಟು, ಆಮೇಲಿನವರು ಸೇರಿಸಿದ್ದೆಷ್ಟು?

ಗಾಂಧಿಯವರ ಹೆಸರಿನಲ್ಲಿ ಓಡಾಡುವ ಮಾತುಗಳಲ್ಲಿ ಜಗತ್ತಿನಾದ್ಯಂತ ಮೊದಲ ಸ್ಥಾನ ಯಾವುದಕ್ಕೆ ಅಂತ ನಿಮಗೇ ಗೊತ್ತು. "ಜಗತ್ತಿನಲ್ಲಿ ಯಾವ ಬದಲಾವಣೆ ಕಾಣಬಯಸುತ್ತೀರೋ ಆ ಬದಲಾವಣೆ ನೀವೇ ಆಗಿ." ಗಾಂಧಿಯವರು ಬರೆದಿದ್ದು, ಮಾತಾಡಿದ್ದು ನೂರು ಸಂಪುಟಗಳಲ್ಲಿ ಸಿಗುತ್ತದೆ. ಇಂಥ ಸೌಲಭ್ಯ ಇನ್ಯಾವ ನಾಯಕರ ವಿಷಯದಲ್ಲೂ ಸುಲಭವಾಗಿ ಸಿಗೋದಿಲ್ಲ. ಆ ನೂರರಲ್ಲಿ ಈ ಸಾಲು ಇಲ್ಲ. ಇದಕ್ಕೆ ತೀರಾ ಹತ್ತಿರದ ಮಾತು ಸಿಗೋದು 1913ರಲ್ಲಿ, ಅವರು ನಡೆಸುತ್ತಿದ್ದ 'ಇಂಡಿಯನ್ ಒಪಿನಿಯನ್' ಪತ್ರಿಕೆಯ ಗುಜರಾತಿ ಲೇಖನವೊಂದರಲ್ಲಿ. ಆರೋಗ್ಯದ ಬಗ್ಗೆ ಅವರು ಬರೆಯುತ್ತಿದ್ದ ಮಾಲೆ ಅದು. ಆ ಕಂತಿನ ವಿಷಯ ಏನು ಗೊತ್ತಾ? ಹಾವು ಕಡಿತ.

ಹೌದು, ಹಾವು ಕಡಿತ. ಹಾವಿನ ಬಗ್ಗೆ ಬರೆಯುತ್ತಾ ಬರೆಯುತ್ತಾ, ಅದರ ಮೇಲೆ ನಮಗಿರುವ ಭಯ ಮತ್ತು ದ್ವೇಷದ ಕಡೆಗೆ ಹೊರಳುತ್ತಾರೆ. ಹೊರಗಿನ ಜಗತ್ತಿನಲ್ಲಿರೋದೆಲ್ಲ ನಮ್ಮೊಳಗೂ ಇದೆ, ನಾವು ಅದರ ಪ್ರತಿಬಿಂಬ ಅನ್ನುತ್ತಾರೆ. ನಮ್ಮನ್ನು ನಾವು ಬದಲಾಯಿಸಿಕೊಳ್ಳಲು ಆದರೆ ಜಗತ್ತಿನ ರೀತಿಯೂ ಬದಲಾದೀತು, ಬೇರೆಯವರು ಏನು ಮಾಡುತ್ತಾರೆ ಅಂತ ಕಾಯಬೇಕಿಲ್ಲ, ಅನ್ನೋದು ಅಲ್ಲಿನ ತಾತ್ಪರ್ಯ. ಈಗ ಪೋಸ್ಟರಿನ ಮೇಲಿರುವ ಸಾಲು ಇದೆಯಲ್ಲ, ಅದಕ್ಕೆ ಹೋಲುವ ಮಾತು ಅಚ್ಚಿನಲ್ಲಿ ಕಾಣೋದು 1974ರಲ್ಲಿ. ಬರೆದವರು ಆರ್ಲೀನ್ ಲೊರಾನ್ಸ್, ನ್ಯೂಯಾರ್ಕಿನ ಬ್ರೂಕ್ಲಿನ್ನಿನಲ್ಲಿ ಹೈಸ್ಕೂಲು ಶಿಕ್ಷಕಿಯಾಗಿದ್ದವರು. ಅವರ ಹೆಸರು ಎಷ್ಟು ಜನ ಕೇಳಿದ್ದೀರಿ? ಕೈ ಎತ್ತಿ. (ಯಾರೂ ಎತ್ತಲಿಲ್ಲ.)

ಎರಡೂ ಒಂದೇ ಅರ್ಥ ತಾನೇ, ಯಾರು ಹೇಳಿದರೇನು ಅಂತ ನೀವು ಕೇಳಬಹುದು. ನನಗೆ ಹಾಗನ್ನಿಸೋದಿಲ್ಲ. ಪೋಸ್ಟರಿನ ಮಾತನ್ನು ಮನೆಯಲ್ಲಿ ಕೂತು ಪಾಲಿಸಬಹುದು. ಗಾಂಧಿ ಹಾಗೆ ಕೂತವರಲ್ಲ. 1930ರಲ್ಲಿ 78 ಮಂದಿಯನ್ನು ಕಟ್ಟಿಕೊಂಡು ಕಾನೂನು ಮುರಿಯಲು ಸಮುದ್ರದವರೆಗೆ ನಡೆದರು. ತಾವು ಬದಲಾದರೆ ಸಾಕು, ಉಪ್ಪಿನ ಕಾನೂನು ತಾನಾಗೇ ಬದಲಾಗುತ್ತದೆ ಅಂತ ಅವರು ಸುಮ್ನೆ ಇರಲಿಲ್ಲ. ಆ ಒಂದು ಸಾಲು ಗಾಂಧಿಯವರನ್ನು ಯಾರಿಗೂ ತೊಂದರೆ ಕೊಡದ ಸಾಧು ಮುದುಕರನ್ನಾಗಿ ಮಾಡುತ್ತದೆ. ಅದಕ್ಕೇ ಎಲ್ಲರಿಗೂ ಇಷ್ಟ ಅಂತ ನನ್ನ ಗುಮಾನಿ.

"ಮೊದಲು ನಿಮ್ಮನ್ನು ಕಡೆಗಣಿಸುತ್ತಾರೆ, ಆಮೇಲೆ ನಗುತ್ತಾರೆ, ಆಮೇಲೆ ಜಗಳಕ್ಕೆ ಬರುತ್ತಾರೆ, ಕೊನೆಗೆ ನೀವು ಗೆಲ್ಲುತ್ತೀರಿ" ಅನ್ನೋದೂ ಗಾಂಧಿಯವರದ್ದಲ್ಲ. 1918ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಬಟ್ಟೆ ಹೊಲಿಯುವ ಕಾರ್ಮಿಕರ ಸಂಘದ ಸಮ್ಮೇಳನ ನಡೆಯಿತು. ಅಲ್ಲಿ ನಿಕೋಲಸ್ ಕ್ಲೈನ್ ಅನ್ನೋರು ಹೆಚ್ಚುಕಡಿಮೆ ಇದನ್ನೇ ಹೇಳಿದರು. ಕೊನೆ ಮಾತ್ರ ಬೇರೆ. ಕ್ಲೈನ್ ಪ್ರಕಾರ ಕಡೆಗಣಿಸುತ್ತಾರೆ, ಗೇಲಿ ಮಾಡುತ್ತಾರೆ, ಮೇಲೆ ಬಿದ್ದು ಸುಡೋದಕ್ಕೆ ನೋಡುತ್ತಾರೆ, ಆಮೇಲೆ ನಿಮಗೆ ಸ್ಮಾರಕ ಕಟ್ಟುತ್ತಾರೆ. ಗೆಲುವಿನ ಮಾತೇ ಇಲ್ಲ. ನನಗೆ ಅಸಲಿಯೇ ಜಾಸ್ತಿ ಹಿಡಿಸಿತು.

ಈಗ ಫ್ರಾನ್ಸಿನ ಚಿಂತಕ ವಾಲ್ಟೇರ್ ಕಥೆಗೆ ಬರ್ತೀನಿ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಮಾತೊಂದು ತಪ್ಪಾದ ಹೆಸರಿಗೆ ಹೇಗೆ ಅಂಟಿಕೊಳ್ಳುತ್ತದೆ ಅನ್ನೋದು ಇಲ್ಲಿ ಕಣ್ಣಿಗೆ ಕಾಣುವಂತಿದೆ. "ನೀವು ಹೇಳುವುದನ್ನು ನಾನು ಒಪ್ಪುವುದಿಲ್ಲ, ಆದರೆ ಅದನ್ನು ಹೇಳುವ ನಿಮ್ಮ ಹಕ್ಕನ್ನು ಪ್ರಾಣ ಇರುವ ತನಕ ಕಾಯುತ್ತೇನೆ." ವಾಕ್ ಸ್ವಾತಂತ್ರ್ಯದ ಬಗ್ಗೆ ಎಲ್ಲೇ ಚರ್ಚೆಯಾದರೂ ಈ ಮಾತು ಬಂದೇ ಬರುತ್ತದೆ. ವಾಲ್ಟೇರ್ ಸತ್ತಿದ್ದು 1778ರಲ್ಲಿ. ಈ ವಾಕ್ಯ ಹುಟ್ಟಿದ್ದು 1906ರಲ್ಲಿ, ಇಂಗ್ಲಿಷಿನಲ್ಲಿ.

ಬರೆದಾಕೆ ಎವೆಲಿನ್ ಬಿಯಾಟ್ರಿಸ್ ಹಾಲ್. ಪುಸ್ತಕದ ಮೇಲೆ ಹಾಕಿಕೊಂಡ ಹೆಸರು ಎಸ್. ಜಿ. ಟ್ಯಾಲೆಂಟೈರ್. ವಾಲ್ಟೇರ್ ಮತ್ತು ಅವನ ಸ್ನೇಹಿತರ ಬಗ್ಗೆ ಬರೆದ ಪುಸ್ತಕ ಅದು. ಅದರಲ್ಲಿ ಹೆಲ್ವೆಷಿಯಸ್ ಅನ್ನೋ ಚಿಂತಕನ ಪ್ರಸಂಗ ಬರುತ್ತದೆ. 1758ರಲ್ಲಿ ಅವನ ಪುಸ್ತಕ ಹೊರಬಂತು, ಮರುವರ್ಷ ಪ್ಯಾರಿಸ್ಸಿನಲ್ಲಿ ಅದನ್ನು ಸುಟ್ಟರು. ವಾಲ್ಟೇರ್‌ಗೆ ಆ ಪುಸ್ತಕ ಅಷ್ಟೇನೂ ಹಿಡಿಸಿರಲಿಲ್ಲ. ಆದರೂ ಸುಟ್ಟ ಸುದ್ದಿ ಕೇಳಿ, ಒಂದು ಆಮ್ಲೆಟ್ಟಿಗೆ ಇಷ್ಟೊಂದು ರಂಪವೇ ಅಂದನಂತೆ. ಹಾಲ್ ಇದನ್ನು ಹೇಳಿ, ಮುಂದೆ ನಮಗೆಲ್ಲ ಬಾಯಿಪಾಠವಾಗಿರುವ ಆ ವಾಕ್ಯ ಬರೆಯುತ್ತಾರೆ. ಬರೆದು, ಇದು ಈಗ ಅವನ ನಿಲುವಾಗಿತ್ತು ಅಂತ ವಾಕ್ಯ ಮುಗಿಸುತ್ತಾರೆ. ಅಂದರೆ ವಾಲ್ಟೇರ್ ಹೀಗೆ ಹೇಳಿದ ಅಂತಲ್ಲ, ಅವನ ಮನಸ್ಸು ಹೀಗಿತ್ತು ಅಂತ. ಆದರೆ ಆ ನಿಲುವನ್ನು ಉದ್ಧರಣ ಚಿಹ್ನೆಗಳ ಒಳಗೆ ಹಾಕಿಬಿಟ್ಟರು. ಮುಗೀತು. ಓದಿದವರು ಚಿಹ್ನೆಯನ್ನು ಉಳಿಸಿಕೊಂಡರು, ಅದರ ಹಿಂದೆಯೇ ಬಂದ ಪುಟ್ಟ ವಿವರಣೆಯನ್ನು ಬಿಟ್ಟರು.

1939ರಲ್ಲಿ ವಿದ್ವಾಂಸರೊಬ್ಬರು ಹಾಲ್ ಅವರನ್ನೇ ಕೇಳಿ ಪತ್ರ ಬರೆದರು. ಆ ವಾಕ್ಯ ನನ್ನದೇ, ಅದನ್ನು ಉದ್ಧರಣ ಚಿಹ್ನೆಯಲ್ಲಿ ಹಾಕಬಾರದಿತ್ತು, ದಾರಿ ತಪ್ಪಿಸಿದ್ದಕ್ಕೆ ಕ್ಷಮಿಸಿ ಅಂತ ಉತ್ತರ ಬಂತು. ಆ ಪತ್ರ 1943ರಲ್ಲಿ ಪಾಂಡಿತ್ಯದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಹೇಳಿದವರೇ ನನ್ನದು ಅಂತ ಒಪ್ಪಿಕೊಂಡ ಮಾತು ಇವತ್ತಿಗೂ ವಾಲ್ಟೇರ್ ಹೆಸರಲ್ಲೇ ಓಡುತ್ತಿದೆ. ಈ ಹೆಣ್ಣುಮಗಳಿಗೆ ಅನ್ಯಾಯ ಆಯಿತು ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ಇಡೀ ಶತಮಾನದ ಒಂದು ದೊಡ್ಡ ವಾಕ್ಯ ಬರೆದರು, ಅವರ ಹೆಸರು ಅಡಿಟಿಪ್ಪಣಿಯಲ್ಲಿ ಮಾತ್ರ.

ಕೆಲವು ಮಾತುಗಳ ಬಣ್ಣ ಬಯಲು ಮಾಡೋಕೆ ಪಾಂಡಿತ್ಯವೇ ಬೇಡ, ಕೂಡಿ ಕಳೆಯೋಕೆ ಬಂದರೆ ಸಾಕು. ರೊಟ್ಟಿ ಇಲ್ಲದಿದ್ದರೆ ಕೇಕ್ ತಿನ್ನಲಿ ಅಂತ ಫ್ರಾನ್ಸಿನ ರಾಣಿ ಮಾರಿ ಆಂಟೊನೆಟ್ ಅಂದಳು ಅನ್ನುತ್ತಾರಲ್ಲ? ಆ ಕಥೆಯನ್ನು ಒಬ್ಬ 'ದೊಡ್ಡ ರಾಜಕುಮಾರಿ'ಯ ಬಗ್ಗೆ ರೂಸೋ ತನ್ನ ಆತ್ಮಕಥೆಯಲ್ಲಿ 1760ರ ದಶಕದಲ್ಲೇ ಬರೆದಿಟ್ಟಿದ್ದ. ಹೆಸರು ಹೇಳಿಲ್ಲ. ಮಾರಿ ಹುಟ್ಟಿದ್ದು 1755ರಲ್ಲಿ, ಮದುವೆಯಾಗಿ ಫ್ರಾನ್ಸಿಗೆ ಬಂದಿದ್ದು 1770ರಲ್ಲಿ. ರೂಸೋ ಬರೆಯುವಾಗ ಆಕೆ ಆಸ್ಟ್ರಿಯದಲ್ಲಿ ಆಡಿಕೊಂಡಿದ್ದ ಹುಡುಗಿ. ಭೂಮಿ ತಿರುಗುತ್ತದೆ ಅಂದಿದ್ದಕ್ಕೆ ನಡೆದ ವಿಚಾರಣೆ ಮುಗಿದ ಮೇಲೆ ಗೆಲಿಲಿಯೋ ಕಾಲಿನಿಂದ ನೆಲ ಒದ್ದು "ಆದರೂ ಇದು ತಿರುಗುತ್ತದೆ" ಅಂದ ಕಥೆಯೂ ಹೀಗೇ. ವಿಚಾರಣೆ ನಡೆದದ್ದು 1633ರಲ್ಲಿ. ನೆಲ ಒದೆಯುವ ದೃಶ್ಯದ ಸಮೇತ ಇದನ್ನು ಜುಸೆಪ್ಪೆ ಬರೆಟ್ಟಿ ಅಚ್ಚು ಹಾಕಿಸಿದ್ದು 1757ರಲ್ಲಿ. ನಡುವೆ 124 ವರ್ಷ.

ಹುಡುಕೋದು ಹೇಗೆ ಅಂತ ಹಲವರು ಕೇಳಿದ್ದಿರಿ. ನಾನು ಮಾಡೋದನ್ನು ಹೇಳ್ತೀನಿ. ಪೂರ್ತಿ ವಾಕ್ಯವನ್ನು ಹಾಕಿ ಹುಡುಕಬೇಡಿ. ಬಾಯಿಂದ ಬಾಯಿಗೆ ಬರುವಾಗ ಮಾತು ಬದಲಾಗಿರುತ್ತದೆ. ಅದರಲ್ಲಿರುವ ಮೂರು ನಾಲ್ಕು ಅಪರೂಪದ ಪದ ಆರಿಸಿ, ಗೂಗಲ್ ಬುಕ್ಸ್, ಇಂಟರ್ನೆಟ್ ಆರ್ಕೈವ್, ಹಳೇ ಪತ್ರಿಕೆಗಳ ಸಂಗ್ರಹ, ಇಲ್ಲೆಲ್ಲ ಹಾಕಿ ನೋಡಿ. ಸಿಕ್ಕಿದ್ದರಲ್ಲಿ ಅತಿ ಹಳೆಯದನ್ನು ಹಿಡಿದು, ಅದಕ್ಕಿಂತ ಹಿಂದೆ ಇದೆಯೇ ಅಂತ ಮತ್ತೆ ಹುಡುಕಿ. ನೆನಪಿಡಿ, ನೀವು ಹುಡುಕಬೇಕಾದ್ದು ಮಾತನ್ನು, ಹೆಸರನ್ನಲ್ಲ. ಐನ್‌ಸ್ಟೈನ್ ಅಂತ ಸೇರಿಸಿ ಹುಡುಕಿದರೆ ಐನ್‌ಸ್ಟೈನೇ ಸಿಗುತ್ತಾರೆ.

ಇಲ್ಲೊಂದು ಬಲೆ ಇದೆ. ಗೂಗಲ್ ಬುಕ್ಸ್‌ನಲ್ಲಿ ಒಮ್ಮೊಮ್ಮೆ ನಿಮ್ಮ ಮಾತು 1890ರ ಸಂಪುಟದಲ್ಲಿದೆ ಅಂತ ತೋರಿಸುತ್ತದೆ. ಕುಣಿದಾಡಬೇಡಿ. ಅದು ಮಾಸಪತ್ರಿಕೆಯಾಗಿದ್ದರೆ, ಪತ್ರಿಕೆ ಶುರುವಾದ ವರ್ಷವನ್ನೇ ಆಮೇಲಿನ ಸಂಪುಟಗಳಿಗೂ ಅಂಟಿಸಿರುತ್ತಾರೆ. ಪುಟವನ್ನೂ ಪೂರ್ತಿ ತೋರಿಸೋದಿಲ್ಲ, ಎರಡು ಮೂರು ಸಾಲಿನ ತುಣುಕಷ್ಟೇ. ಆಗ ಅದೇ ಸಂಪುಟದ ಒಳಗೆ 'ಟೆಲಿವಿಷನ್' ಅಂತ ಹುಡುಕಿ ನೋಡಿ. ಸಿಕ್ಕಿತೋ, ಅದು 1890ರದ್ದಲ್ಲ ಅಂತ ಗ್ಯಾರಂಟಿ. ಆಮೇಲೆ ಅಸಲಿ ಪ್ರತಿಯ ಚಿತ್ರ ಸಿಗೋವರೆಗೂ ನಂಬಬೇಡಿ. ಸಿಕ್ಕ ಮೇಲೂ ಹಿಂದಿನ ಪುಟ, ಮುಂದಿನ ಪುಟ ಓದಿ. ಹಾಲ್ ಅವರ ವಿಷಯದಲ್ಲಿ ಸತ್ಯ ಇದ್ದದ್ದು ಅದೇ ಸಾಲಿನ ತುದಿಯಲ್ಲಿ. ಈ ಕೆಲಸವನ್ನು ಗಾರ್ಸನ್ ಓ'ಟೂಲ್ ಅನ್ನೋ ಗುಪ್ತನಾಮದವರೊಬ್ಬರು 2010ರಿಂದ ಅದ್ಭುತವಾಗಿ ಮಾಡುತ್ತಾ ಬಂದಿದ್ದಾರೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಫ್ರೆಡ್ ಶಪೀರೋ ಸಂಪಾದಿಸಿದ ಉಲ್ಲೇಖ ಕೋಶವೂ ನಂಬಬಹುದಾದ್ದು. ಚಾಟ್‌ಬಾಟ್‌ಗಳನ್ನು ಕೇಳಿದರೆ ಪುಸ್ತಕ, ಪುಟಸಂಖ್ಯೆ ಎಲ್ಲ ಠಾಕುಠೀಕಾಗಿ ಕೊಡುತ್ತವೆ. ಆ ಪುಟ ತೆರೆದು ನೋಡಿ, ಅಷ್ಟೇ ಹೇಳ್ತೀನಿ.

ಐನ್‌ಸ್ಟೈನ್ ತೀರಿಕೊಂಡಿದ್ದು 1955ರಲ್ಲಿ. "ಎಣಿಸಬಹುದಾದ್ದೆಲ್ಲ ಮುಖ್ಯವಲ್ಲ, ಮುಖ್ಯವಾದ್ದನ್ನೆಲ್ಲ ಎಣಿಸಲಾಗದು" ಅನ್ನೋ ಅರ್ಥದ ಮಾತು ಅವರ ಕೊಠಡಿಯ ಗೋಡೆ ಮೇಲಿತ್ತು ಅನ್ನುತ್ತಾರೆ. ಅದು ವಿಲಿಯಂ ಬ್ರೂಸ್ ಕ್ಯಾಮರನ್ ಅನ್ನೋ ಸಮಾಜಶಾಸ್ತ್ರಜ್ಞರ 1963ರ ಪುಸ್ತಕದಲ್ಲಿದೆ. ಮಾಡಿದ್ದನ್ನೇ ಮಾಡುತ್ತಾ ಬೇರೆ ಫಲ ಬಯಸೋದೇ ಹುಚ್ಚು ಅನ್ನೋದು ಕಾಣಿಸಿಕೊಳ್ಳೋದು 1980ರ ದಶಕದ ಆರಂಭದಲ್ಲಿ, ಚಟ ಬಿಡಿಸುವ ಸ್ವಸಹಾಯ ಗುಂಪುಗಳ ಸುತ್ತಮುತ್ತ. ದೇವರು ದಾಳ ಆಡೋದಿಲ್ಲ ಅನ್ನೋದು ಮಾತ್ರ ಅಸಲಿ. 1926ರ ಡಿಸೆಂಬರಿನಲ್ಲಿ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್‌ಗೆ ಬರೆದ ಪತ್ರದಲ್ಲಿದೆ. ಆದರೆ ಅದನ್ನು ಭಕ್ತಿಯ ಮಾತಾಗಿ ಬಳಸುತ್ತಾರೆ. ಕ್ವಾಂಟಂ ಸಿದ್ಧಾಂತ ತಮಗೆ ಒಪ್ಪಿಗೆಯಾಗುತ್ತಿಲ್ಲ ಅಂತ ಅವರು ಸ್ನೇಹಿತರ ಹತ್ತಿರ ತೋಡಿಕೊಂಡಿದ್ದು ಅದು.

ಮಾರ್ಕ್ ಟ್ವೈನ್ ಕಥೆ ಇನ್ನೂ ಮಜಾ. ಸತ್ಯ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಸುಳ್ಳು ಅರ್ಧ ಜಗತ್ತು ಸುತ್ತಿರುತ್ತದೆ ಅನ್ನೋದನ್ನು ಅವರ ತಲೆಗೆ ಕಟ್ಟುತ್ತಾರೆ. ಸುಳ್ಳು ಹಾರುತ್ತದೆ, ಸತ್ಯ ಕುಂಟುತ್ತಾ ಹಿಂದೆ ಬರುತ್ತದೆ ಅಂತ ಜೊನಾಥನ್ ಸ್ವಿಫ್ಟ್ 1710ರಲ್ಲೇ ಬರೆದಿದ್ದ. ಇತ್ತ ಟ್ವೈನ್ ಕೂಡ ಸುಮ್ನೆ ಇದ್ದವರಲ್ಲ. "ಸುಳ್ಳು, ಹಸಿ ಸುಳ್ಳು, ಅಂಕಿಅಂಶ" ಅನ್ನೋ ಮಾತನ್ನು ಬ್ರಿಟನ್ನಿನ ಪ್ರಧಾನಿ ಡಿಸ್ರೇಲಿಯದ್ದು ಅಂತ 1907ರಲ್ಲಿ ಬರೆದರು. ಡಿಸ್ರೇಲಿಯ ಬರಹ, ಭಾಷಣಗಳಲ್ಲಿ ಅದು ಸಿಕ್ಕಿಲ್ಲ.

ಈಗ ಮನೆಯೊಳಗಿನ ಮಾತು. 'ಗೀತಾಸಾರ' ಅಂತ ಒಂದು ಚಿತ್ರಪಟ ಇರುತ್ತಲ್ಲ? "ಆದದ್ದೆಲ್ಲ ಒಳಿತೇ ಆಗಿದೆ, ಆಗುತ್ತಿರುವುದು ಒಳಿತೇ ಆಗುತ್ತಿದೆ, ಆಗಲಿರುವುದೂ ಒಳಿತೇ ಆಗಲಿದೆ." ಮೇಲೆ ರಥ, ಕೃಷ್ಣಾರ್ಜುನರು. ಭಗವದ್ಗೀತೆಯಲ್ಲಿ 700 ಶ್ಲೋಕಗಳಿವೆ. ಯಾವ ಶ್ಲೋಕದ ಅನುವಾದವೂ ಇದಲ್ಲ. ಸಾರ ಅಂತ ಹಾಕಿದ್ದಾರೆ, ಅನುವಾದ ಅಂದಿಲ್ಲ ಅನ್ನಬಹುದು. ಸರಿ, ಆದರೆ ಸಾರವಾದರೂ ಹೌದಾ? ಯುದ್ಧ ಬೇಡ ಅಂತ ಬಿಲ್ಲು ಕೆಳಗಿಟ್ಟವನಿಗೆ, ಆಗಿದ್ದೆಲ್ಲ ಒಳ್ಳೆಯದಕ್ಕೇ ಅಂತ ಸಮಾಧಾನ ಹೇಳಿ ಕಳಿಸುವ ಪುಸ್ತಕವಲ್ಲ ಅದು. ಎದ್ದು ನಿಲ್ಲು, ಕೆಲಸ ಮಾಡು ಅನ್ನುವ ಪುಸ್ತಕ. ಎರಡನೇ ಅಧ್ಯಾಯದ 47ನೇ ಶ್ಲೋಕ, 'ಕರ್ಮಣ್ಯೇವಾಧಿಕಾರಸ್ತೇ', ಎಲ್ಲರಿಗೂ ಗೊತ್ತಿರೋದೇ. ಅದನ್ನೂ ಈ ಪಟವನ್ನೂ ಪಕ್ಕಪಕ್ಕ ಇಟ್ಟು ಓದಿ ನೋಡಿ.

ಮೂಲ ಸಿಕ್ಕಿತು ಅಂದ ಮಾತ್ರಕ್ಕೆ ಕೆಲಸ ಮುಗಿಯೋದಿಲ್ಲ. ಯಾರ ಬಾಯಲ್ಲಿ ಆ ಮಾತು ಬರುತ್ತದೆ ಅನ್ನೋದನ್ನೂ ನೋಡಬೇಕು. 'ವಸುಧೈವ ಕುಟುಂಬಕಂ' ಮಹೋಪನಿಷತ್ತಿನಲ್ಲಿದೆ, ಅಲ್ಲಿ ಗಂಭೀರವಾದ ಮಾತೇ. ಅದೇ ಶ್ಲೋಕ ಹಿತೋಪದೇಶದಲ್ಲೂ ಇದೆ. ಅಲ್ಲಿ ಜಿಂಕೆ ಮತ್ತು ಕಾಗೆ ಸ್ನೇಹಿತರು. ಜಿಂಕೆಯ ಮಾಂಸದ ಮೇಲೆ ಕಣ್ಣಿಟ್ಟ ನರಿ ಸ್ನೇಹ ಬೆಳೆಸೋಕೆ ಬರುತ್ತದೆ. ಗುರುತು ಪರಿಚಯ ಇಲ್ಲದವರನ್ನು ನಂಬಬೇಡ ಅಂತ ಕಾಗೆ ಎಚ್ಚರಿಸುತ್ತದೆ. ಆಗ ನರಿ ಹೇಳುತ್ತದೆ: ಇವನು ನಮ್ಮವನು, ಇವನು ಪರಕೀಯ ಅನ್ನೋದು ಸಣ್ಣ ಮನಸ್ಸಿನವರ ಲೆಕ್ಕ, ಉದಾರಿಗಳಿಗೆ ಭೂಮಿಯೇ ಕುಟುಂಬ! ಷೇಕ್ಸ್‌ಪಿಯರ್‌ನದೆಂದು ಎಲ್ಲರೂ ಎತ್ತಿ ಹೇಳುವ "ನಿನಗೆ ನೀನು ಪ್ರಾಮಾಣಿಕನಾಗಿರು" ಅನ್ನೋದೂ ಹೀಗೇ. ಹ್ಯಾಮ್ಲೆಟ್ ನಾಟಕದಲ್ಲಿ ಅದನ್ನು ಹೇಳುವವನು ಪೊಲೋನಿಯಸ್, ಪರದೆ ಹಿಂದೆ ನಿಂತು ಕದ್ದು ಕೇಳುವ ಆಸಾಮಿ.

ಹಾಗಂತ ಹಳೆಯದನ್ನು ಮತ್ತೆ ಹೇಳಿದವರೆಲ್ಲ ಕಳ್ಳರಲ್ಲ. ದೈತ್ಯರ ಹೆಗಲ ಮೇಲೆ ನಿಂತಿದ್ದರಿಂದ ದೂರ ಕಂಡೆ ಅಂತ ನ್ಯೂಟನ್ ನಿಜವಾಗಿಯೂ ವಿಜ್ಞಾನಿ ರಾಬರ್ಟ್ ಹುಕ್‌ಗೆ ಬರೆದಿದ್ದ. ಆದರೆ 1159ರಲ್ಲೇ ಸಾಲಿಸ್‌ಬರಿಯ ಜಾನ್ ಆ ಉಪಮೆಯನ್ನು ದಾಖಲಿಸಿ, ಇದು ಶಾರ್ಟ್ರ್‌ನ ಬರ್ನಾರ್ಡ್ ಹೇಳುತ್ತಿದ್ದದ್ದು ಅಂದಿದ್ದಾನೆ. ನ್ಯೂಟನ್ ಆ ಮಾತನ್ನೂ ಹೆಗಲ ಮೇಲಿಂದಲೇ ಎತ್ತಿಕೊಂಡ.

ಮಾತು ಮುಗಿದ ಮೇಲೆ ಒಬ್ಬರು ಎದ್ದು ಕೇಳಿದರು: "ಮಾತು ಒಳ್ಳೆಯದಿದ್ದರೆ ಸಾಕಲ್ವಾ ಸರ್, ಹೆಸರು ತಪ್ಪಾದರೆ ಯಾರಿಗೆ ನಷ್ಟ?" ಆಗ ಕೊಟ್ಟ ಉತ್ತರವನ್ನೂ ಸೇರಿಸುತ್ತಿದ್ದೇನೆ.

ಭಾರತದಲ್ಲಿ ಇಂಗ್ಲಿಷ್ ಶಿಕ್ಷಣ ಬೇಕು ಅಂತ ವಾದಿಸಿದ ಬ್ರಿಟಿಷ್ ಅಧಿಕಾರಿ ಮೆಕಾಲೆಯ ಹೆಸರಿನ ಫಾರ್ವರ್ಡ್ ನಿಮಗೂ ಬಂದಿರುತ್ತದೆ. "ಭಾರತದ ಉದ್ದಗಲ ಸುತ್ತಿದ್ದೇನೆ, ಒಬ್ಬ ಭಿಕ್ಷುಕನನ್ನೂ ಒಬ್ಬ ಕಳ್ಳನನ್ನೂ ಕಾಣಲಿಲ್ಲ, ಈ ದೇಶದ ಬೆನ್ನೆಲುಬು ಮುರಿಯದೆ ಇದನ್ನು ಗೆಲ್ಲಲಾಗದು" ಅಂತ 1835ರ ಫೆಬ್ರವರಿ 2ರಂದು ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಹೇಳಿದನಂತೆ. ಆ ದಿನ ಮೆಕಾಲೆ ಲಂಡನ್ನಿನಲ್ಲಿ ಇರಲೇ ಇಲ್ಲ. 1834ರಲ್ಲಿ ಭಾರತಕ್ಕೆ ಬಂದವನು ವಾಪಸ್ ಹೋದದ್ದು 1838ರಲ್ಲಿ. ಆ ತಾರೀಖು ಎಲ್ಲಿಂದ ಬಂತು ಅಂದರೆ, ಶಿಕ್ಷಣದ ಬಗ್ಗೆ ಅವನು ಬರೆದ ಪ್ರಸಿದ್ಧ ಟಿಪ್ಪಣಿಯ ಕೆಳಗೆ ಅದೇ ದಿನಾಂಕ ಇದೆ. ಅಸಲಿ ದಾಖಲೆಯ ದಿನಾಂಕವನ್ನು ಕಿತ್ತು ನಕಲಿ ಭಾಷಣಕ್ಕೆ ಅಂಟಿಸಿದ್ದಾರೆ.

ನಷ್ಟ ಇಲ್ಲಿದೆ. ಮೆಕಾಲೆಯ ಮೇಲೆ ಸಿಟ್ಟು ಇರುವವರು ಆ ನಕಲಿಯನ್ನು ಹಿಡಿದು ಚರ್ಚೆಗೆ ಹೋದರೆ, ಎದುರಿನವರು ಒಂದೇ ನಿಮಿಷದಲ್ಲಿ ಅದನ್ನು ಸುಳ್ಳು ಅಂತ ತೋರಿಸಿ ಗೆದ್ದುಬಿಡುತ್ತಾರೆ. ಸಿಟ್ಟಿಗೆ ಬೇಕಾದಷ್ಟು ಸಾಮಗ್ರಿ ಅಸಲಿ ಟಿಪ್ಪಣಿಯಲ್ಲೇ ಇದೆ. ಅದು ಇಂಟರ್ನೆಟ್‌ನಲ್ಲಿ ಪೂರ್ತಿ ಸಿಗುತ್ತದೆ, ಉದ್ದವೇನೂ ಅಲ್ಲ. ಒಳ್ಳೆಯ ಯುರೋಪಿಯನ್ ಗ್ರಂಥಾಲಯದ ಒಂದು ಕಪಾಟಿನ ಒಂದು ಸಾಲು ಭಾರತ ಮತ್ತು ಅರೇಬಿಯಾದ ಇಡೀ ಸಾಹಿತ್ಯಕ್ಕೆ ಸಮ ಅನ್ನೋ ಮಾತು ಅಲ್ಲೇ ಇರೋದು. ಅದಕ್ಕೆ ಸ್ವಲ್ಪ ಮೊದಲು, ತನಗೆ ಸಂಸ್ಕೃತವೂ ಬರೋದಿಲ್ಲ, ಅರೇಬಿಕ್ಕೂ ಬರೋದಿಲ್ಲ ಅಂತ ಮೆಕಾಲೆ ತನ್ನ ಕೈಯಾರೆ ಬರೆದಿದ್ದಾನೆ. ಈ ಸಾಲನ್ನು ಮಾತ್ರ ಯಾವ ಫಾರ್ವರ್ಡಿನಲ್ಲೂ ನಾನು ಕಂಡಿಲ್ಲ.